ಮುಚ್ಚಳದ ಒಳಮೈಯ ಸಾಲುಗಳು: ಒಂದು ವ್ಯಾಖ್ಯಾನ

ಮೈಸೂರಿನ ಜಯಲಕ್ಷ್ಮಿಪುರಂನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ, ಗೋಡೆಗೆ ಹತ್ತಿರವಾಗಿ, ಒಂದು ದೊಡ್ಡ ಪ್ಲೈವುಡ್ ಪೆಟ್ಟಿಗೆ ಇದೆ. ಮೊದಲ ಸಲ ನೋಡಿದವರು ಕೇಳುವುದು ಒಂದೇ ಪ್ರಶ್ನೆ: “ಅಕ್ಕಿ ಇಡ್ತೀರಾ ಇದರಲ್ಲಿ?” ಅಕ್ಕಿ ಅಲ್ಲ. ಒಳಗಿರುವುದು 12 ಇಂಚಿನ ಗಿಟಾರ್ ಸ್ಪೀಕರ್ ಒಂದು, ಅದರ ಮೂತಿಗೆ ಹಿಡಿದ ಮೈಕು ಒಂದು. ನನ್ನ ಅಕ್ಕನ ಮಗ ಎರಡು ಮಳೆಗಾಲ ಕೂತು ಕಟ್ಟಿದ್ದು. ಈಗ ಅವನು ಕೆಲಸದ ಮೇಲೆ ಪುಣೆಯಲ್ಲಿದ್ದಾನೆ, ಪೆಟ್ಟಿಗೆ ನನ್ನ ಪಾಲಿಗೆ ಬಂದಿದೆ. ಮುಚ್ಚಳ ಎತ್ತಿದರೆ ಒಳಮೈಯಲ್ಲಿ ಕಪ್ಪು ಮಾರ್ಕರಿನಲ್ಲಿ ಬರೆದ ಕೆಲವು ಸಾಲುಗಳಿವೆ. ತನಗೆ ತಾನೇ ಬರೆದುಕೊಂಡ ನೆನಪೋಲೆ ಅದು. ಆದರೆ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನ ಕಣ್ಣಿಗೆ ಸೂತ್ರ ಬಿದ್ದರೆ ವ್ಯಾಖ್ಯಾನ ಬರೆಯದೆ ಕೈ ಸುಮ್ಮನಿರುವುದಿಲ್ಲ.

ಮೊದಲು ಪೂರ್ವಪಕ್ಷ. ಇಷ್ಟು ಕಷ್ಟ ಯಾಕೆ, ದನಿ ತಗ್ಗಿಸಿದರೆ ಆಗದೇ? ಆಗದು. ಅವನದು ವಾಲ್ವ್ ಆಂಪ್ಲಿಫೈಯರ್, 15 ವಾಟಿನದು. ವಾಲ್ವುಗಳನ್ನು ಅವುಗಳ ಮಿತಿಯ ಹತ್ತಿರ ದುಡಿಸಿದಾಗಲೇ ದನಿಗೆ ಆ ಒರಟು, ಆ ಕಾವು ಬರುವುದು. ತಗ್ಗಿಸಿದರೆ ಬರುವುದು ಸಭ್ಯವಾದ ಬೇರೆಯೇ ದನಿ. ಕಂಪ್ಯೂಟರಿನೊಳಗೇ ಸ್ಪೀಕರಿನ ನಕಲು ಹುಟ್ಟಿಸಬಹುದಲ್ಲ ಎಂದು ನಾನೂ ಕೇಳಿದ್ದೆ. “ಮಾವ, ಇನ್‌ಸ್ಟಂಟ್ ಕಾಫಿ ಇರುವಾಗ ನೀವ್ಯಾಕೆ ಫಿಲ್ಟರ್ ಇಡ್ತೀರಾ?” ಎಂದ. ಆಮೇಲೆ ಕೇಳಲಿಲ್ಲ.

15 ವಾಟು ಎಂದರೆ ಸಣ್ಣದು ಅನ್ನಿಸುತ್ತದೆ. ಒಳ್ಳೆಯ ಗಿಟಾರ್ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬೆಲ್ ಕೊಡುತ್ತದೆ. 15 ವಾಟಿಗೆ ಅದು 110 ಮುಟ್ಟುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಅಂದರೆ ಪೆಟ್ಟಿಗೆ, ಕೋಣೆಯ ಗೋಡೆ, ಅಂಗಳದ ದೂರ ಎಲ್ಲ ಸೇರಿ 65 ಡೆಸಿಬೆಲನ್ನು ನುಂಗಬೇಕು. ನಮ್ಮ ಮನೆಗೆ ಹತ್ತಿರದ ಒಂಟಿಕೊಪ್ಪಲಿನಲ್ಲೇ, ‘ವಿಠ್ಠಲ ವಿಹಾರ’ ಎಂಬ ತಮ್ಮ ಮನೆಯಲ್ಲಿ, ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ 30 ವಾಟಿನ ಪ್ರಸಾರಯಂತ್ರ ಇಟ್ಟು ರೇಡಿಯೋ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಹೋದದ್ದು ಅಲ್ಲಿಂದ. ಅವರ ಚಿಂತೆ ಮನೆಯೊಳಗಿನ ದನಿ ಊರಾಚೆ ಹೋಗಬೇಕೆಂಬುದು. ನಮ್ಮ ಹುಡುಗನದು ಮೆಟ್ಟಿಲನ್ನೂ ದಾಟಬಾರದೆಂಬುದು. ಅವರದು ಸುಲಭದ ಕೆಲಸವಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ, ಆದರೆ ಇದು ಸುಲಭವಾಗಿರಲಿಲ್ಲ.

ಇನ್ನು ಸಾಲುಗಳು.

“ಮೆತ್ತಗಿರೋದು ತಡೆಯಲ್ಲ. ತೂಕ ಇರೋದು ತಡೆಯುತ್ತೆ.”

ಇದರ ಕೆಳಗೆ ಹೊಡೆದುಹಾಕಿದ ಒಂದು ಸಾಲಿದೆ, ಓರೆಬೆಳಕಿನಲ್ಲಿ ಇನ್ನೂ ಓದಬಹುದು: “ಮೊಟ್ಟೆ ಟ್ರೇ – 40.” ಪಾಠಾಂತರ ಎಂದು ಗ್ರಂಥಸಂಪಾದಕರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಿದ್ದರು. ನನಗೆ ಇದೇ ಮುಖ್ಯ, ಯಾಕೆಂದರೆ ಈ ಕೆಲಸಕ್ಕಿಳಿಯುವ ಪ್ರತಿಯೊಬ್ಬನೂ ಇಲ್ಲಿಂದಲೇ ಶುರುಮಾಡುತ್ತಾನೆ. ಮೊಟ್ಟೆ ಟ್ರೇ, ಥರ್ಮಾಕೋಲ್, ಹಳೇ ಕಂಬಳಿ, ಸೋಫಾದ ಸ್ಪಂಜು. ಮೆತ್ತನೆಯ ವಸ್ತು ಶಬ್ದವನ್ನು ಹೀರುತ್ತದೆ, ಹೀರಿದ ಮೇಲೆ ಹೊರಗೆ ಹೇಗೆ ಹೋಗುತ್ತದೆ ಎಂಬ ತರ್ಕ. ಹೀರುವುದು ನಿಜ. ಆದರೆ ಸ್ಪಂಜಿನಲ್ಲಿ ಗಾಳಿ ಓಡಾಡಬಲ್ಲದಾದರೆ ಶಬ್ದವೂ ಓಡಾಡಬಲ್ಲದು. ಹೀರುವುದು ಬೇರೆ, ತಡೆಯುವುದು ಬೇರೆ.

ತಡೆಯುವುದಕ್ಕೆ ಬೇಕಾದ್ದು ಜಡತ್ವ. ಶಬ್ದ ಬಂದು ಹಲಗೆಯನ್ನು ತಳ್ಳುತ್ತದೆ, ಹಲಗೆ ಅಲುಗಿದರೆ ಆಚೆಯ ಗಾಳಿಯೂ ಅಲುಗುತ್ತದೆ. ಹಲಗೆ ಭಾರವಾದಷ್ಟೂ ಅಲುಗಲು ಸೋಮಾರಿತನ. ಚದರ ಮೀಟರಿಗೆ ತೂಕ ಇಮ್ಮಡಿಯಾದರೆ ಲೆಕ್ಕದ ಪ್ರಕಾರ 6 ಡೆಸಿಬೆಲ್ ಹೆಚ್ಚು ತಡೆ ಸಿಗುತ್ತದೆ. 18 ಮಿಲಿಮೀಟರ್ ಪ್ಲೈವುಡ್ ಚದರ ಮೀಟರಿಗೆ ಸುಮಾರು 12 ಕಿಲೋ ತೂಗುತ್ತದೆ. ನಮ್ಮ ಹಳೇ ಮನೆಯ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ 400 ಕಿಲೋ ಮೀರುತ್ತದೆ. ಪಕ್ಕದ ಮನೆಯ ಟಿ.ವಿ. ಗೋಡೆಯಿಂದ ಬರುವುದಿಲ್ಲ, ಕಿಟಕಿಯಿಂದ ಬರುತ್ತದೆ, ಗಮನಿಸಿ.

ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ, ಹುಡುಗ ಬರೆಯಲಿಲ್ಲ. ಅದೇ ಹಲಗೆ ಎಲ್ಲ ಸ್ವರವನ್ನೂ ಸಮವಾಗಿ ತಡೆಯುವುದಿಲ್ಲ. ಕಂಪನಸಂಖ್ಯೆ ಇಳಿದಷ್ಟೂ ತಡೆ ಇಳಿಯುತ್ತದೆ. ಸೆಕೆಂಡಿಗೆ 500 ಕಂಪನದ ಸ್ವರಕ್ಕೆ ಒಂದು ಪ್ಲೈ ಹಲಗೆ ಸುಮಾರು 28 ಡೆಸಿಬೆಲ್ ತಡೆದರೆ, ಗಿಟಾರಿನ ಅತಿ ದಪ್ಪ ತಂತಿಯ 82 ಕಂಪನಕ್ಕೆ ಬರೀ 13. ಆ 82ರ ಅಲೆಯ ಉದ್ದ ನಾಲ್ಕು ಮೀಟರಿಗೂ ಹೆಚ್ಚು, ನಮ್ಮ ಕೋಣೆಗಿಂತ ಉದ್ದ. ಅಷ್ಟು ದೊಡ್ಡ ಅಲೆಗೆ ಮೊಟ್ಟೆ ಟ್ರೇಯ ಗುಳಿ ಯಾವ ಲೆಕ್ಕ?

ಪ್ಲೈವುಡ್ ಕೊಯ್ಯಲು ಬಂದ ಆಚಾರ್ರು ಮೊದಲ ದಿನವೇ ಬೇಜಾರುಪಟ್ಟರು. “ಸ್ವಾಮಿ, ಮರದ ಪೆಟ್ಟಿಗೆ ಅಂದ್ಮೇಲೆ ತಟ್ಟಿದ್ರೆ ಒಂದು ನಾದ ಬರ್ಬೇಕು. ಇದು ತಟ್ಟಿದ್ರೆ ಗೋಡೆ ತಟ್ಟಿದಂಗೈತೆ.” ಅವರು ಹೇಳಿದ್ದು ಮೈಸೂರಿನ ಮಾತು. ಇಲ್ಲಿ ಮರದ ಪೆಟ್ಟಿಗೆ ಎಂದರೆ ಹಾಡಬೇಕು. ವೀಣೆ ಮಾಡುವವರು ಹಲಸಿನ ಕೊಡವನ್ನು ತೋಡಿ ತೋಡಿ ತೆಳ್ಳಗೆ ಮಾಡುವುದು ತಂತಿ ಮಿಡಿದರೆ ಮರವೂ ಮಿಡಿಯಲೆಂದು. ನಮ್ಮ ಪೆಟ್ಟಿಗೆ ಆ ವಿದ್ಯೆಯನ್ನೆಲ್ಲ ತಿರುವುಮುರುವು ಮಾಡಿದ್ದು. ಅಲ್ಲಿ ಏನೇನು ಗುಣವೋ ಇಲ್ಲಿ ಅದೆಲ್ಲ ದೋಷ. ನುಡಿಯಲು ಒಪ್ಪದ ವಾದ್ಯ ಇದು. ಮುಂದಿನ ಸಾಲುಗಳನ್ನು ಇದೊಂದು ಮಾತನ್ನು ಮನಸ್ಸಿನಲ್ಲಿಟ್ಟು ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತವೆ.

“ಒಂದು ಸಂದು ಇದ್ರೆ ಪೆಟ್ಟಿಗೆ ಇಲ್ಲ.”

ಅತಿಶಯೋಕ್ತಿ ಅನ್ನಿಸಬಹುದು, ಅಲ್ಲ. ಗೋಡೆಯ ಒಟ್ಟು ಹರವಿನಲ್ಲಿ ನೂರಕ್ಕೆ ಒಂದು ಭಾಗ ತೆರೆದಿದ್ದರೆ, ಮಿಕ್ಕ ತೊಂಬತ್ತೊಂಬತ್ತು ಭಾಗ ಕಗ್ಗಲ್ಲಾಗಿದ್ದರೂ ತಡೆ 20 ಡೆಸಿಬೆಲ್ ಮೀರುವುದಿಲ್ಲ. ನಮ್ಮ ಮುಚ್ಚಳದ ಸುತ್ತಳತೆ ನಾಲ್ಕು ಮೀಟರು. ಮೊದಲ ಸಲ ಕೂಡಿಸಿದಾಗ ಅಲ್ಲಲ್ಲಿ ಮೂರು ಮಿಲಿಮೀಟರ್ ಸಂದು. ಏನು ಮಹಾ ಎಂದುಕೊಂಡೆವು. ಸುತ್ತಲೂ ಅಷ್ಟು ಸಂದಿದ್ದರೆ ಒಟ್ಟು 120 ಚದರ ಸೆಂಟಿಮೀಟರು, ಅಂಗೈ ಅಗಲದ ಕಿಂಡಿ. ಅಂಗೈ ಅಗಲದ ಕಿಂಡಿ ಕೊರೆದ ಪೆಟ್ಟಿಗೆಗೆ ಇನ್ನೊಂದು ಪದರ ಹಲಗೆ ಹೊಡೆದರೆ ದುಡ್ಡು ದಂಡ.

ಹುಡುಗ ಗುಜರಿಯಿಂದ ಹಳೇ ಕಾರಿನ ಬಾಗಿಲ ರಬ್ಬರ್ ಬೀಡಿಂಗ್ ತಂದು ಮುಚ್ಚಳದ ಅಂಚಿಗೆ ಅಂಟಿಸಿದ. ವೈರು ಬರುವ ತೂತಿಗೆ ಎಂ-ಸೀಲ್. ಪರೀಕ್ಷೆ ಹೇಗೆ? ಊದುಬತ್ತಿಯ ಊರಿದು, ಹೊಗೆ ಹಾಕಿ ನೋಡೋಣವೇ ಎಂದೆ. ಹತ್ತಿ ತುಂಬುವ ಪೆಟ್ಟಿಗೆಗೆ ಕಿಡಿ ಬೇಡ ಎಂದು ಮೊಬೈಲಿನ ಟಾರ್ಚ್ ಹಚ್ಚಿ ಒಳಗಿಟ್ಟು ಮುಚ್ಚಿದ, ಕೋಣೆಯ ದೀಪ ಆರಿಸಿದ. ಕತ್ತಲಲ್ಲಿ ಪೆಟ್ಟಿಗೆಯ ಮೂರು ಮೂಲೆಯಲ್ಲಿ ಬೆಳಕಿನ ಎಳೆ ಕಂಡಿತು. ಬೆಳಕು ಬರುವಲ್ಲಿ ಶಬ್ದ ಖಂಡಿತ ಬರುತ್ತದೆ. ಬೆಳಕು ಬಾರದ ಕಡೆ ಬರುವುದೇ ಇಲ್ಲ ಎನ್ನಲಾಗದು. ಬೆಳಕು ನೇರ ಹೋಗುವ ಸ್ವಭಾವದ್ದು, ಶಬ್ದ ಬಳಸಿಕೊಂಡೂ ಹೋಗುತ್ತದೆ.

“ಪೆಟ್ಟಿಗೆಯೊಳಗೆ ಪೆಟ್ಟಿಗೆ. ನಡುವೆ ನಾಲ್ಕು ಇಂಚು.”

‘ನಾಲ್ಕು’ ಎಂಬುದು ‘ಎರಡು’ ಎಂಬುದರ ಮೇಲೆ ತಿದ್ದಿದ್ದು. ಆ ತಿದ್ದುಪಡಿಗೆ ಇಡೀ ಒಂದು ಮಳೆಗಾಲ ಹಿಡಿಯಿತು.

ಬರೀ ತೂಕ ಪೇರಿಸುತ್ತಾ ಹೋದರೆ ಪ್ರತಿ ಇಮ್ಮಡಿಗೂ 6 ಡೆಸಿಬೆಲ್ಲೇ. ಎರಡು, ನಾಲ್ಕು, ಎಂಟು, ಹದಿನಾರು ಹಲಗೆ, ಮಹಡಿ ಕುಸಿಯುತ್ತದೆ. ಅದಕ್ಕೆ ಉಪಾಯ, ಎರಡು ಗೋಡೆ, ನಡುವೆ ಗಾಳಿ. ಒಳಗೋಡೆ ಅಲುಗಿದರೂ ಹೊರಗೋಡೆಗೆ ಅದು ಪೂರ್ತಿ ಮುಟ್ಟುವುದಿಲ್ಲ. ಒಳಗೆ 3 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಜಾಗ ಬಿಟ್ಟು, ಒಂದೊಂದು ಹಲಗೆಯ ಎರಡು ಪೆಟ್ಟಿಗೆ ಮಾಡಿ, ನಡುವೆ ಎರಡಿಂಚು ಬರೀ ಗಾಳಿ ಬಿಟ್ಟ. ನುಡಿಸಿ ನೋಡಿದರೆ ಅದ್ಭುತ. ಮೇಲಿನ ತಂತಿಗಳು ಎಲ್ಲೋ ಮಾಯ. ಅಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ ಕೂಗಿದರು: “ಮೇಷ್ಟ್ರೇ, ಮೋಟಾರ್ ಆಫ್ ಮಾಡಿ, ಟ್ಯಾಂಕ್ ತುಂಬಿ ಹರೀತಿರಬೇಕು!” ಮೋಟಾರು ಹಾಕಿರಲೇ ಇಲ್ಲ. ಹುಡುಗ ಐದನೇ ತಂತಿಯನ್ನು ಬಿಟ್ಟ ತಂತಿಯಾಗಿ ಮೀಟಿದಾಗಲೆಲ್ಲ ಅಜ್ಜಿಯ ಮನೆಯಲ್ಲಿ ಗುಂಯ್ ಎನ್ನುತ್ತಿತ್ತು. ಬೇರೆ ಯಾವ ತಂತಿಗೂ ಇಲ್ಲ.

ನಡುವಿನ ಗಾಳಿ ಖಾಲಿಯಲ್ಲ, ಅದೊಂದು ಸ್ಪ್ರಿಂಗು. ಎರಡು ಭಾರ, ನಡುವೆ ಸ್ಪ್ರಿಂಗು ಎಂದರೆ ಅದಕ್ಕೊಂದು ಸ್ವಂತ ಕಂಪನಸಂಖ್ಯೆ ಇದ್ದೇ ಇರುತ್ತದೆ. ಆ ಸಂಖ್ಯೆಯ ಸ್ವರ ಬಂದಾಗ ಎರಡು ಗೋಡೆಯೂ ಸೇರಿ ಉಯ್ಯಾಲೆಯಾಡುತ್ತವೆ, ತಡೆಯುವ ಬದಲು ದಾಟಿಸುತ್ತವೆ. ಅಲ್ಲಿ ಜೋಡಿ ಗೋಡೆ ಒಂಟಿ ಗೋಡೆಗಿಂತ ಕಡೆ. ಚದರ ಮೀಟರಿಗೆ 12 ಕಿಲೋದ ಎರಡು ಹಲಗೆ, ನಡುವೆ 5 ಸೆಂಟಿಮೀಟರ್ ಗಾಳಿ: ಲೆಕ್ಕ ಹಾಕಿದೆ, ಸುಮಾರು 110 ಬಂತು. ಗಿಟಾರಿನ ಐದನೇ ತಂತಿ ಬಿಟ್ಟಾಗ ನುಡಿಯುವುದು ಎಷ್ಟು? ಕರಾರುವಾಕ್ಕಾಗಿ 110. ಕೆಳಗೆ ನೀರಿನ ಮೋಟಾರು ಗುನುಗುವುದು 100ರ ಆಸುಪಾಸಿನಲ್ಲಿ. ಅಜ್ಜಿಯ ಕಿವಿ ತಪ್ಪಿದ್ದು ಹೆಚ್ಚೆಂದರೆ ಎರಡು ಸ್ವರಸ್ಥಾನ. ನುಡಿಯಬಾರದೆಂದು ಕಟ್ಟಿದ ಪೆಟ್ಟಿಗೆ ತಾನೇ ಆಯ್ದುಕೊಂಡ ಒಂದು ಸ್ವರದಲ್ಲಿ ವಾದ್ಯವೇ ಆಗಿಬಿಟ್ಟಿತ್ತು. ನನಗಂತೂ ಒಳಗೊಳಗೇ ಸಂತೋಷವಾಯಿತು. ಹುಡುಗನ ಮುಖ ನೋಡಿ ತೋರಿಸಿಕೊಳ್ಳಲಿಲ್ಲ.

ಪರಿಹಾರ, ಆ ಸಂಖ್ಯೆಯನ್ನು ಗಿಟಾರಿನ ಕೈಗೆಟುಕದಷ್ಟು ಕೆಳಕ್ಕಿಳಿಸುವುದು. ಭಾರ ಹೆಚ್ಚಿಸಿದರೆ ಇಳಿಯುತ್ತದೆ, ಅಂತರ ಹೆಚ್ಚಿಸಿದರೂ ಇಳಿಯುತ್ತದೆ. ಹೊರಗೋಡೆಯನ್ನು ಬಿಚ್ಚಿ, ದೊಡ್ಡದು ಮಾಡಿ, ಜೋಡಿ ಹಲಗೆ ಹಾಕಿದ. ಅಂತರ ನಾಲ್ಕಿಂಚಾಯಿತು. ಲೆಕ್ಕ 67ಕ್ಕೆ ಬಂತು. ಆ ನಾಲ್ಕಿಂಚಿಗೆ ಸಡಿಲವಾಗಿ ರಾಕ್‌ವುಲ್ ಎಂಬ ಕಲ್ಲುನಾರು ತುಂಬಿದ ಮೇಲೆ ಇನ್ನೂ ಹತ್ತು ಇಳಿಯಿತು. ರಾಕ್‌ವುಲ್ ಮುಟ್ಟುವಾಗ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಬೇಕೇ ಬೇಕು; ಎರಡು ದಿನ ಮೈ ತುರಿಸಿಕೊಂಡ ಮೇಲೆ ಹೇಳುತ್ತಿದ್ದೇನೆ. ಇಂಥ ಜೋಡಿ ಗೋಡೆಯ ಲಾಭ ಶುರುವಾಗುವುದು ಅದರ ಸ್ವಂತ ಸಂಖ್ಯೆಯ ಸುಮಾರು ಒಂದೂಕಾಲು ಒಂದೂವರೆ ಪಟ್ಟಿನ ಮೇಲೆ. ನಮ್ಮದಕ್ಕೆ 80ರಿಂದ. ದಪ್ಪ ತಂತಿ 82. ಎರಡು ಕಂಪನದ ಅಂತರದಲ್ಲಿ ಪಾಸಾದೆವು.

“ಯಾವುದೂ ಯಾವುದನ್ನೂ ಮುಟ್ಟಬಾರದು.”

ಇದನ್ನು ಓದಿ ನನ್ನ ಅಕ್ಕ ನಕ್ಕಳು. “ನಮ್ಮಮ್ಮನ ಮಡಿ ಇದು.” ನಿಜವೇ. ಒಳಪೆಟ್ಟಿಗೆ ಹೊರಪೆಟ್ಟಿಗೆಯನ್ನು ಮುಟ್ಟಬಾರದು, ಹೊರಪೆಟ್ಟಿಗೆ ನೆಲವನ್ನು ಮುಟ್ಟಬಾರದು, ಸ್ಪೀಕರು ಒಳಪೆಟ್ಟಿಗೆಯ ತಳವನ್ನು ಮುಟ್ಟಬಾರದು. ಮುಟ್ಟಿದಲ್ಲಿ ಕಂಪನ ಗಾಳಿಯ ಗೊಡವೆಯೇ ಇಲ್ಲದೆ ಗಟ್ಟಿವಸ್ತುವಿನೊಳಗೆ ನಡೆದುಹೋಗುತ್ತದೆ. ಮಡಿಯ ಹಾಗೇ ಇದಕ್ಕೂ ‘ಸ್ವಲ್ಪ’ ಎಂಬುದಿಲ್ಲ. ಆಚಾರ್ರು ಪೆಟ್ಟಿಗೆ ಅಲ್ಲಾಡುತ್ತಿದೆಯಲ್ಲ ಎಂದು ಮರುಕಪಟ್ಟು, ಹೋಗುವ ಮುನ್ನ ನಮಗೆ ಹೇಳದೆ ಒಂದೇ ಒಂದು ಉದ್ದನೆಯ ಸ್ಕ್ರೂ ಹೊಡೆದಿದ್ದರು, ಎರಡೂ ಗೋಡೆ ಸೇರಿಸಿ. ಅಷ್ಟಕ್ಕೇ ಮೈಲಿಗೆಯಾಯಿತು. ಎಲ್ಲಿಂದ ದನಿ ಬರುತ್ತಿದೆ ಎಂದು ಎರಡು ವಾರ ಹುಡುಕಿದೆವು. ಕೊನೆಗೆ ಹಲಗೆಗೆ ಕಿವಿಯಿಟ್ಟು, ಡಾಕ್ಟರರಂತೆ ಮೈಯೆಲ್ಲ ತಡಕಿ, ಆ ಸ್ಕ್ರೂ ಹಿಡಿದೆವು.

ಮುಟ್ಟದೆ ನಿಲ್ಲುವುದು ಹೇಗೆ? ರಬ್ಬರಿನ ಮೇಲೆ. ಟೈರ್ ಕಾರ್ಖಾನೆಯಿರುವ ಊರಿಗೆ ಇದೇನು ಕಷ್ಟವಲ್ಲ. ಸ್ಕೂಟರ್ ಟ್ಯೂಬಿಗೆ ಅರ್ಧ ಗಾಳಿ ತುಂಬಿ ಅಡಿಗಿಟ್ಟ. ಭಾರಕ್ಕೆ ರಬ್ಬರು ನಾಲ್ಕು ಮಿಲಿಮೀಟರ್ ಕುಗ್ಗಿದರೂ ಸಾಕು, ಅದರ ಮೇಲೆ ಕೂತ ಪೆಟ್ಟಿಗೆಯ ಸ್ವಂತ ಕಂಪನ ಸೆಕೆಂಡಿಗೆ 8ರಷ್ಟಾಗುತ್ತದೆ, 82ಕ್ಕಿಂತ ಎಷ್ಟೋ ಕೆಳಗೆ. ಗಟ್ಟಿ ರಬ್ಬರು ತುಂಡು ಕುಗ್ಗದಿದ್ದರೆ ಅದು ರಬ್ಬರಾದರೂ ಒಂದೇ, ಕಲ್ಲಾದರೂ ಒಂದೇ.

ಭಾರದ ಮಾತು ಬಂತು. ಎಂಟು-ನಾಲ್ಕರ ಐದು ಶೀಟಿಗೂ ಮೀರಿ ಪ್ಲೈವುಡ್ ಕುಡಿದ ಪೆಟ್ಟಿಗೆ, ಬರೀ ಮರವೇ 160 ಕಿಲೋ. ಸ್ಪೀಕರು, ಒಳಗೆ ಕಟ್ಟಿದ ಹತ್ತಿ ಹಾಸಿಗೆ ಸೇರಿ 180 ದಾಟುತ್ತದೆ. ಕೂರುವ ಜಾಗ ಒಂದು ಚದರ ಮೀಟರಿಗೆ ಕೊಂಚ ಹೆಚ್ಚು. ವಾಸದ ಮನೆಯ ಮಹಡಿಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದು ವಿನ್ಯಾಸ ಮಾಡುವುದು ನಮ್ಮ ದೇಶದ ಮಾನದಂಡ. ಅದಕ್ಕೇ ಪೆಟ್ಟಿಗೆ ಕೋಣೆಯ ನಡುವೆ ಇಲ್ಲ, ಗೋಡೆಯ ಪಕ್ಕದಲ್ಲಿದೆ.

“ಹಾಸಿಗೆ ಒಳಗೆ, ಹೊರಗಲ್ಲ.”

ಮೊದಲ ಸಾಲಿನಲ್ಲಿ ಗಡೀಪಾರಾದ ಮೆತ್ತನೆಯ ವಸ್ತುವಿಗೆ ಇಲ್ಲಿ ಮರಳಿ ಪ್ರವೇಶ. ಬಿಗಿದು ಮುಚ್ಚಿದ ಪೆಟ್ಟಿಗೆಯಲ್ಲಿ ದನಿ ಹೊರಹೋಗಲಾರದೆ ಗೋಡೆಯಿಂದ ಗೋಡೆಗೆ ಬಡಿದಾಡಿ ಮತ್ತೆ ಮೈಕಿಗೇ ಬೀಳುತ್ತದೆ. ರೆಕಾರ್ಡ್ ಆದದ್ದು ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಮೂರಡಿ ಉದ್ದಕ್ಕೆ 190ರ ಸುಮಾರಿನಲ್ಲಿ ಒಂದು ಅನುರಣನ, ಎರಡಡಿಗೆ 285ರ ಸುಮಾರಿನಲ್ಲಿ ಇನ್ನೊಂದು. ಅಗಲ ಎತ್ತರ ಎರಡೂ ಎರಡಡಿಯೇ ಆದ್ದರಿಂದ ಆ ಎರಡನೆಯದು ಜೋಡಿಯಾಗಿ ಕೂತಿದೆ. ಇದು ಸೂತ್ರಕಾರನ ತಪ್ಪು. ಅಗಲ ಎರಡಡಿಯಾದರೆ ಎತ್ತರ ಎರಡೂಕಾಲು ಇಡಬೇಕಿತ್ತು, ಒಂದು ಹಲಗೆಯನ್ನು ಓರೆ ಕೂರಿಸಿದ್ದರೂ ಆಗುತ್ತಿತ್ತು. ಶೀಟು ಪೋಲಾಗುತ್ತದೆ ಎಂದು ಬಿಟ್ಟ. ಅಂಗಡಿಯವರ ಲೆಕ್ಕಕ್ಕೆ ಶಾಸ್ತ್ರ ಸೋತಿತು.

ಮನೆಯ ಹಳೇ ಹತ್ತಿ ಹಾಸಿಗೆಯೊಂದನ್ನು ಬಿಚ್ಚಿ, ನಾಲ್ಕಿಂಚು ದಪ್ಪಕ್ಕೆ ಹೊಲಿಸಿ, ಒಳಗೋಡೆಗೆ ಕಟ್ಟಿದ. ನಾಲ್ಕಿಂಚು ಹತ್ತಿ ಮೇಲಿನ ಸ್ವರಗಳನ್ನು ಚೆನ್ನಾಗಿ ನುಂಗುತ್ತದೆ. 190ನ್ನು ಪೂರ್ತಿ ನುಂಗಲು ಒಂದೂವರೆ ಅಡಿ ದಪ್ಪ ಬೇಕು, ಅಷ್ಟು ತುಂಬಿದರೆ ಸ್ಪೀಕರಿಗೆ ಜಾಗವೆಲ್ಲಿ? ಮೂಲೆಗಳಲ್ಲಿ ಹೆಚ್ಚು ತುಂಬಿ ರಾಜಿಮಾಡಿಕೊಂಡಿದ್ದಾನೆ.

“ಮೊದಲು ಸ್ಪೀಕರ್ ವೈರು, ಆಮೇಲೆ ಸ್ವಿಚ್ಚು. ಆಂಪ್ ಹೊರಗೆ.”

ಸ್ಪೀಕರಿಗೆ ಸೇರಿಸದೆ ವಾಲ್ವ್ ಆಂಪ್ ಚಾಲೂ ಮಾಡಿ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಸುಟ್ಟುಹೋಗಬಹುದು. ಪೆಟ್ಟಿಗೆ ಮುಚ್ಚಿದ ಮೇಲೆ ವೈರು ಕಳಚಿದ್ದು ಕಾಣುವುದಿಲ್ಲ, ಅದಕ್ಕೆ ಈ ಎಚ್ಚರ. ವೈರೂ ದಪ್ಪದ್ದಾಗಿರಬೇಕು, ಗಿಟಾರಿನಿಂದ ಆಂಪಿಗೆ ಹೋಗುವ ತೆಳು ಕೇಬಲ್ಲು ಇಲ್ಲಿ ಸಲ್ಲದು. ಆಂಪಿನ ವಾಲ್ವುಗಳು ಕೆಂಡದಂತೆ ಕಾಯುತ್ತವೆ, ಹತ್ತಿಯ ನಡುವೆ ಅವನ್ನಿಡುವುದು ಹುಚ್ಚುತನ. ಸ್ಪೀಕರು ಒಂದೇ ಒಳಗಿದ್ದರೆ? ಅದು ಪಡೆದ 15 ವಾಟಿನಲ್ಲಿ ಒಂದು ವಾಟಿಗೂ ಕಡಿಮೆ ಶಬ್ದವಾಗುತ್ತದೆ, ಮಿಕ್ಕದ್ದೆಲ್ಲ ಶಾಖ. ದೇವರ ಕೋಣೆಯ ಹಳೇ ಜೀರೋ ಬಲ್ಬಿನಷ್ಟು. ಗಂಟೆಗೊಮ್ಮೆ ಮುಚ್ಚಳ ತೆಗೆದರಾಯಿತು.

“ಮೈಕು ನಡುಮಧ್ಯಕ್ಕೆ ಬೇಡ.”

ಕೋನಿನ ನಡುಮಧ್ಯಕ್ಕೆ ಮೈಕು ಹಿಡಿದರೆ ದನಿ ಚುಚ್ಚುತ್ತದೆ, ಅಂಚಿಗೆ ಸರಿದಂತೆ ಮಂದವಾಗುತ್ತದೆ. ಎರಡರ ನಡುವೆ ಎಲ್ಲೋ ಒಂದು ಕಡೆ ಅವನ ಕಿವಿಗೆ ಒಪ್ಪುವ ಜಾಗ. ಅವನ ಮೈಕು ಶೂರ್ ಎಸ್‌ಎಂ57, 1965ರಿಂದ ಬಂದ ಮಾದರಿ, ಎಷ್ಟು ಜೋರಿಗೂ ಜಗ್ಗದ್ದು. ಸ್ಪೀಕರಿನ ಬಟ್ಟೆಗೆ ಒಂದಿಂಚು ದೂರ. ಅಷ್ಟು ಹತ್ತಿರವಿದ್ದಾಗ ನೇರ ಬಂದ ದನಿಯ ಮುಂದೆ ಪೆಟ್ಟಿಗೆಯ ಗೊಣಗಾಟ ಗೌಣವಾಗುತ್ತದೆ. ಮುಚ್ಚಳ ಮುಚ್ಚಿ ನುಡಿಸಿ, ತೆರೆದು ಅರ್ಧ ಬೆರಳು ಸರಿಸಿ, ಮತ್ತೆ ಮುಚ್ಚಿ ನುಡಿಸಬೇಕು. ಹೊರ ಮುಚ್ಚಳ ಒಂದೇ 23 ಕಿಲೋ. ಸ್ವರಶುದ್ಧಿಯ ಜೊತೆಗೆ ತೋಳಿಗೂ ಕಸರತ್ತು.

“ಹತ್ತು ಗಂಟೆಗೆ ಕೆಳಗೆ ಹೋಗಿ ಕೇಳು.”

‘ಕೇಳು’ ಎಂಬಲ್ಲಿ ಶ್ಲೇಷೆ. ಆಲಿಸು ಎಂದೂ ಆದೀತು, ವಿಚಾರಿಸು ಎಂದೂ ಆದೀತು. ನಾನು ಎರಡನ್ನೂ ಮಾಡಿದೆ. ರಾತ್ರಿ ಹತ್ತಕ್ಕೆ ಅವನು ಮೇಲೆ ಹೆಡ್‌ಫೋನ್ ಹಾಕಿಕೊಂಡು ನುಡಿಸುತ್ತಿದ್ದ, ನಾನು ಅಜ್ಜಿಯ ನಡುಮನೆಯಲ್ಲಿ ಕೂತೆ. ಫ್ಯಾನಿನ ಸದ್ದು, ಗಡಿಯಾರದ ಸದ್ದು, ಕೆ.ಆರ್.ಎಸ್. ರಸ್ತೆಯ ಕಡೆಯಿಂದ ಒಂದು ಲಾರಿ. ಗಿಟಾರು ಇಲ್ಲ. ನಾನು ಗೆದ್ದವನಂತೆ ಅಜ್ಜಿಯ ಮುಖ ನೋಡಿದೆ. ಅವರು ಚಿಕ್ಕಂದಿನಲ್ಲಿ ವೀಣೆ ಕಲಿತವರು, ಪಿಟೀಲು ಚೌಡಯ್ಯನವರ ಕಛೇರಿ ಎದುರು ಕೂತು ಕೇಳಿದವರು.

“ಚೌಡಯ್ಯನವರು ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿಗೂ ಕೇಳ್ಲಿ ಅಂತ ಪಿಟೀಲಿಗೆ ಏಳು ತಂತಿ ಹಾಕ್ಕೊಂಡ್ರು ಮೇಷ್ಟ್ರೇ. ನಿಮ್ಮ ಅಳಿಯ ಆರು ತಂತಿ ಇಟ್ಕೊಂಡು ಯಾರಿಗೂ ಕೇಳಿಸ್ಬಾರ್ದು ಅಂತಾನೆ.”

“ಹಾಗಾದ್ರೆ ಕೇಳಿಸ್ತಿಲ್ಲ?”

“ಹಾಡು ಕೇಳಿಸಲ್ಲ. ತಾಳ ಕೇಳಿಸುತ್ತೆ.” ತಲೆಯೆತ್ತಿ ತಾರಸಿ ತೋರಿಸಿದರು. ಕಿವಿಗೊಟ್ಟರೆ ಹೌದು: ಟಕ್, ಟಕ್, ಟಕ್. ಹುಡುಗ ಹಿಮ್ಮಡಿಯಿಂದ ನೆಲಕ್ಕೆ ತಾಳ ಕುಟ್ಟುತ್ತಿದ್ದ. ಸ್ಪೀಕರಿಗೆ ಮಡಿ ಉಡಿಸಿದ್ದೆವು, ಮನುಷ್ಯನಿಗೆ ಅಲ್ಲ. “ಪ್ರತಿ ಸಲ ಮೂರನೇ ಸುತ್ತಿಗೆ ಓಡ್ತಾನೆ,” ಎಂದರು ಅಜ್ಜಿ, ತೊಡೆಯ ಮೇಲೆ ಬೆರಳೆಣಿಸುತ್ತಾ. “ಈಗ ನೋಡಿ. ಈಗ.”

ಮುಚ್ಚಳದಲ್ಲಿ ಕಡೆಯದಾಗಿ, ಮಾರ್ಕರಿನಲ್ಲಲ್ಲ, ಪೆನ್ಸಿಲಿನಲ್ಲಿ, ಎರಡು ಮಾತಿವೆ: “ಕಾಲಡಿ ರಬ್ಬರ್. ಮೂರನೇ ಸುತ್ತು ನಿಧಾನ.”